ಹೊಸಿಲಿನಿಂದ ಕೌಂಟರಿನವರೆಗೆ

ಮೈಸೂರು ಒಡೆಯರ ಕಥೆ ಶುರುವಾಗುವುದು ಹದಿನಾರು ಎಂಬ ಊರಿನಲ್ಲಿ. 1399ನೇ ಇಸವಿ, ದ್ವಾರಕೆಯಿಂದ ಬಂದ ಯದುರಾಯ ಮತ್ತು ಕೃಷ್ಣರಾಯ ಎಂಬ ಅಣ್ಣತಮ್ಮಂದಿರು, ಕಾರುಗಹಳ್ಳಿಯ ಮಾರನಾಯಕ, ಚಿಕ್ಕದೇವರಸಿಯ ಮದುವೆ. ನಂಜನಗೂಡು ಸೀಮೆಯ ಶಾಲೆ ಮಕ್ಕಳೂ ಇದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆದರೆ ರಾಜವಂಶದ ಕಡೆಯಿಂದ ಕೇಳುವ ಈ ಕಥೆಯನ್ನು ಚಿಕ್ಕದೇವರಸಿಯ ಮನೆಯ ಕಡೆಯಿಂದ ಕೇಳಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವಳ ಅಪ್ಪ, ಹದಿನಾರಿನ ಪಾಳೆಯಗಾರ, ತೀರಿಹೋಗಿದ್ದ ಎಂದು ಒಂದು ಪಾಠ ಹೇಳುತ್ತದೆ. 1810ರಲ್ಲಿ ಅಚ್ಚಾಗತೊಡಗಿದ ಮಾರ್ಕ್ ವಿಲ್ಕ್ಸ್‌ನ ಇತಿಹಾಸದಲ್ಲಿ ಆತ ಸತ್ತಿಲ್ಲ. ಬುದ್ಧಿ ಸ್ಥಿಮಿತ ತಪ್ಪಿ ಮನೆ ಬಿಟ್ಟು ಅಲೆಯುತ್ತಿದ್ದಾನೆ. ಯಜಮಾನನಿಗೆ ತಿಳಿವಳಿಕೆ ಇಲ್ಲದ ಮನೆ, ಒಳಗೆ ದಿಕ್ಕು ತೋಚದ ಹೆಂಗಸರು, ಇದೇ ಸಮಯವೆಂದು ಮೇಲೆ ಬೀಳುವ ನೆರೆಯ ಪಾಳೆಯಗಾರ ಮಾರನಾಯಕ.

ಆತನಿಗೆ ಆಗ ಎಷ್ಟು ವಯಸ್ಸಾಗಿತ್ತೋ, ಅದು ಮುಪ್ಪಿನ ಮರೆವೋ ಬೇರೆ ಕಾಯಿಲೆಯೋ, ಕಥೆಗೆ ಅದು ಬೇಕಿಲ್ಲ. ಬೇಕಾದದ್ದು ಇಷ್ಟು: ನೀರಿನ ಕಡೆಗೆ ಬಂದ ಹೆಂಗಸರು ಆ ಮನೆಯ ಕಷ್ಟವನ್ನು ಮಾತಾಡಿಕೊಂಡರು, ಅದು ದಾರಿಹೋಕರಾದ ಆ ಅಣ್ಣತಮ್ಮಂದಿರ ಕಿವಿಗೆ ಬಿತ್ತು, ಒಬ್ಬ ಜಂಗಮ ನಡುವೆ ನಿಂತು ಇವರನ್ನು ಅರಮನೆಗೆ ಮುಟ್ಟಿಸಿದ. ಸಹಾಯ ಮಾಡುವವರು ಊರ ಹತ್ತಿರವೇ ಇದ್ದರು. ಸುದ್ದಿ ಅವರಿಗೆ ತಲುಪಬೇಕಿತ್ತು, ತಲುಪಿತು. ಈ ದತ್ತಿ ಉಪನ್ಯಾಸಕ್ಕೆ ಕೊಟ್ಟ ವಿಷಯ ಹಿರಿಯರ ಬಾಳ್ವೆಗೆ ಊರಿನಲ್ಲಿರುವ ಆಸರೆಗಳು. ಅದನ್ನು ಅಳೆಯಲು ಹದಿನಾರಿನ ಹಳೆಯ ಕಥೆಯಷ್ಟು ನೆಟ್ಟಗಿನ ಕೋಲು ಬೇರೆ ಸಿಕ್ಕುವುದು ಕಷ್ಟ.

2011ರ ಜನಗಣತಿಯ ಹೊತ್ತಿಗೆ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತೂವರೆಯಷ್ಟು ಇದ್ದರು. ಇಡೀ ದೇಶದಲ್ಲಿ 2050ಕ್ಕೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಕೊಟ್ಟ ಲೆಕ್ಕ. ಸರ್ಕಾರಕ್ಕೆ ಇದು ತಿಳಿಯದ ವಿಚಾರವಲ್ಲ. ವೃದ್ಧಾಪ್ಯ ವೇತನವಿದೆ, ಸಂಧ್ಯಾ ಸುರಕ್ಷಾ ಇದೆ, ಪಾಲಕರ ರಕ್ಷಣೆಗೆ ಕಾಯ್ದೆ ಇದೆ, 14567 ಎಂಬ ಸಹಾಯವಾಣಿ ಇದೆ, ಉಚಿತ ಬಸ್ಸಿದೆ, ಉಚಿತ ಮಾತ್ರೆಯಿದೆ. ಪಟ್ಟಿ ಮಾಡಿ ಪಂಚಾಯಿತಿ ಗೋಡೆಗೆ ಬರೆಸಿದರೆ ಗೋಡೆ ಸಾಲದು. ಕೊರತೆ ಇರುವುದು ಮನೆಯ ಹೊಸಿಲಿಗೂ ಕಚೇರಿಯ ಕೌಂಟರಿಗೂ ನಡುವಿನ ದಾರಿಯಲ್ಲಿ. ಎಪ್ಪತ್ತೈದರ ಮೊಣಕಾಲಿಗೆ, ಪೊರೆ ಬಂದ ಕಣ್ಣಿಗೆ, ಮಂದವಾದ ಕಿವಿಗೆ ಆ ದಾರಿ ಎಷ್ಟು ಉದ್ದ ಎಂದು ಯೋಜನೆ ಬರೆಯುವವರು ನಡೆದು ನೋಡಿರುವುದಿಲ್ಲ.

ಮೊದಲು ದುಡ್ಡಿನ ಮಾತು. ಈ ಸೀಮೆಯ ಹಳ್ಳಿಗಳಲ್ಲಿ ಪಿಂಚಣಿಗೆ ಪಿಂಚಣಿ ಎನ್ನುವವರು ಕಡಿಮೆ, ‘ಸಂಬಳ’ ಎನ್ನುತ್ತಾರೆ. ‘ಈ ತಿಂಗಳು ಸಂಬಳ ಬಂತಾ ಅವ್ವ?’ ಎಂದು ಒಬ್ಬರನ್ನೊಬ್ಬರು ಕೇಳುವ ದನಿಯಲ್ಲಿ ದುಡಿದವರ ಗತ್ತು ಇರುತ್ತದೆ, ಇರಬೇಕಾದದ್ದೇ. ಕೇಂದ್ರ ಸರ್ಕಾರ ರಾಷ್ಟ್ರೀಯ ವೃದ್ಧಾಪ್ಯ ವೇತನ ಶುರು ಮಾಡಿದ್ದು 1995ರ ಆಗಸ್ಟ್ 15ರಂದು, ತಿಂಗಳಿಗೆ 75 ರೂಪಾಯಿಯಿಂದ. ಆಗ 65 ತುಂಬಿರಬೇಕಿತ್ತು. 2011ರಲ್ಲಿ ಅದು 60ಕ್ಕೆ ಇಳಿಯಿತು. 79ರವರೆಗಿನವರಿಗೆ ಕೇಂದ್ರದ ಪಾಲು 200 ರೂಪಾಯಿಗೆ ಬಂದು ನಿಂತದ್ದು ಅಲ್ಲಿಯೇ ನಿಂತಿದೆ, 80 ದಾಟಿದರೆ 500. ಮೇಲಿನದನ್ನು ರಾಜ್ಯ ತುಂಬುತ್ತದೆ. ಸಣ್ಣ ರೈತರು, ಕೂಲಿಕಾರರು, ನೇಕಾರರು, ಮೀನುಗಾರರಿಗೆಂದು ಕರ್ನಾಟಕ 2007ರಲ್ಲಿ ಸಂಧ್ಯಾ ಸುರಕ್ಷಾ ತಂದಿತು. 2021ರ ಏರಿಕೆಯಲ್ಲಿ 65 ದಾಟಿದವರ ಮೊತ್ತ 1200 ರೂಪಾಯಿ ಆಯಿತು. ಬಿ.ಪಿ. ಮಾತ್ರೆ, ಎಲೆ ಅಡಿಕೆ, ಮೊಮ್ಮಗುವಿನ ಕೈಗೆ ಹತ್ತು ರೂಪಾಯಿ. ಇವಿಷ್ಟಕ್ಕೆ ಮಕ್ಕಳ ಮುಂದೆ ಕೈಚಾಚುವುದು ತಪ್ಪಿದರೆ ಮುದುಕರ ಮುಖವೇ ಬೇರೆಯಾಗುತ್ತದೆ.

ಹಿಂದೆ ಈ ದುಡ್ಡನ್ನು ಮನಿಯಾರ್ಡರಿನಲ್ಲಿ ಪೋಸ್ಟ್‌ಮ್ಯಾನ್ ತರುತ್ತಿದ್ದ. ಒಂದಿಷ್ಟು ಕೈಬಿಸಿಯೂ ಆಗುತ್ತಿತ್ತು ಎಂಬ ದೂರು ಎಲ್ಲ ಊರಲ್ಲೂ ಇತ್ತು. ಈಗ ನೇರ ಬ್ಯಾಂಕ್ ಖಾತೆಗೆ ಬರುತ್ತದೆ, ಸೋರಿಕೆ ಕಡಿಮೆ. ಆದರೆ ಪೋಸ್ಟ್‌ಮ್ಯಾನ್ ಜಗಲಿಗೆ ಬರುತ್ತಿದ್ದ, ಬ್ಯಾಂಕು ಬರುವುದಿಲ್ಲ. ಅದರ ಮೇಲೆ ಹೆಬ್ಬೆಟ್ಟಿನ ಪಾಡು. ಅರವತ್ತು ವರ್ಷ ಕುಡುಗೋಲು ಹಿಡಿದು, ಬೂದಿ ಹಾಕಿ ಪಾತ್ರೆ ತಿಕ್ಕಿ, ಗದ್ದೆಯ ಕೆಸರಲ್ಲಿ ನಾಟಿ ಮಾಡಿದ ಬೆರಳಿನಲ್ಲಿ ರೇಖೆ ಎಲ್ಲಿ ಉಳಿದಿರುತ್ತದೆ? ಪಡಿತರ ಕೊಡುವ ಸೊಸೈಟಿಯ ಮುಂದೆ ನಿಂತು ನೋಡಿದರೆ ಸಾಕು. ಅಜ್ಜಿ ಹೆಬ್ಬೆಟ್ಟು ಇಡುತ್ತಾಳೆ, ಯಂತ್ರ ಕೀಂ ಎನ್ನುತ್ತದೆ. ಸೆರಗಿಗೆ ಒರೆಸಿ ಇಡುತ್ತಾಳೆ, ಮತ್ತೆ ಕೀಂ. ಅಂಗಡಿಯವ ಅವಳ ಬೆರಳನ್ನು ತಾನೇ ಹಿಡಿದು ಒತ್ತುತ್ತಾನೆ. ತೋರುಬೆರಳು, ನಡುಬೆರಳು, ಎಡಗೈ. ಹಿಂದೆ ನಿಂತವರು ‘ತಲೆಗೆ ಉಜ್ಜವ್ವ, ಜಿಡ್ಡು ಹತ್ಲಿ’ ಎಂದು ಉಪಾಯ ಹೇಳುತ್ತಾರೆ. ಅದೂ ಆಗದಿದ್ದರೆ ಓಟಿಪಿ. ಓಟಿಪಿ ಬರುವ ಮೊಬೈಲು ಮೊಮ್ಮಗನ ಜೇಬಿನಲ್ಲಿ, ಮೊಮ್ಮಗ ಬೆಂಗಳೂರಿನಲ್ಲಿ, ಡ್ಯೂಟಿಯಲ್ಲಿ. ಸರ್ಕಾರ 2024–25ರ ಬಜೆಟ್ಟಿನಲ್ಲಿ ‘ಅನ್ನ ಸುವಿಧಾ’ ಎಂದು, ಬಹಳ ವಯಸ್ಸಾದವರೇ ಇರುವ ಮನೆಗಳಿಗೆ ಪಡಿತರ ತಲುಪಿಸುವ ಯೋಜನೆ ಪ್ರಕಟಿಸಿದ್ದು ಈ ಸಾಲನ್ನು ನೋಡಿಯೇ ಇರಬೇಕು.

ಇಂಥ ಸಾಲುಗಳಲ್ಲಿ ಕೆಲಸಕ್ಕೆ ಬರುವವರು ಬಹುತೇಕ ಸಣ್ಣ ಹುದ್ದೆಯವರು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಇರುತ್ತಾರೆ. ಹೆಚ್ಚಿನವರು ತಾವೇ ಅಂಗವೈಕಲ್ಯ ಉಳ್ಳವರು, ಗೌರವಧನದ ಮೇಲೆ ದುಡಿಯುವವರು. ಅಂಗವಿಕಲರ ಜೊತೆಗೆ ಹಿರಿಯ ನಾಗರಿಕರ ಗುರುತಿನ ಚೀಟಿ, ಪಿಂಚಣಿ ಅರ್ಜಿಗಳಿಗೂ ಅವರೇ ಓಡಾಡುತ್ತಾರೆ. ಆಶಾ ಕಾರ್ಯಕರ್ತೆಯರು ಇನ್ನೊಂದು ಕೈ. ಒಡೆಯರ ಕಥೆಯ ಜಂಗಮನ ಪಾತ್ರವನ್ನು ಇವತ್ತು ಮಾಡುತ್ತಿರುವವರು ಇವರೇ. ಪಗಾರದ ವಿಚಾರದಲ್ಲಿ ಮಾತ್ರ ಜಂಗಮನಿಗಿಂತ ತುಸು ಮೇಲೆ.

ಬಸ್ಸಿನ ವಿಚಾರಕ್ಕೆ ಬಂದರೆ, ಹೆಂಗಸರು ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಓಡಾಡುವ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಶುರುವಾದಾಗ ಅದನ್ನು ಹಿರಿಯರ ಯೋಜನೆ ಎಂದು ಯಾರೂ ಕರೆಯಲಿಲ್ಲ. ಆದರೂ ಹಳ್ಳಿಯ ಮುದುಕಿಯರ ದಿನಚರಿಯನ್ನು ಅದು ಕದಲಿಸಿದಷ್ಟು ಹಿರಿಯರಿಗೆಂದೇ ಮಾಡಿದ ಯೋಜನೆಗಳೂ ಕದಲಿಸಿಲ್ಲ. ಸೋಮವಾರ, ಹುಣ್ಣಿಮೆ ಬಂದರೆ ನಂಜನಗೂಡಿನ ಕಪಿಲೆಯ ಸೋಪಾನದಲ್ಲಿ ಅವರದೇ ದರ್ಬಾರು. ಮುಳುಗಿ ಏಳುವುದು, ನಂಜುಂಡನ ಮುಂದೆ ಕೈಮುಗಿಯುವುದು, ದಾಸೋಹದಲ್ಲಿ ಊಟ, ಮಧ್ಯಾಹ್ನ ಕಂಬಕ್ಕೆ ಒರಗಿ ಯಾವುದೋ ಊರಿನ ಯಾರದೋ ಜೊತೆ ಸೊಸೆಯ ಸಮಾಚಾರ. ಟಿಪ್ಪುವಿನ ಆನೆಯ ಕಣ್ಣುಬೇನೆ ವಾಸಿ ಮಾಡಿ ‘ಹಕೀಮ್ ನಂಜುಂಡ’ ಎನಿಸಿಕೊಂಡ ದೇವರು ಎಂಬ ಪ್ರತೀತಿ ಈ ದೇವಸ್ಥಾನಕ್ಕಿದೆ. ಹಕೀಮನ ಮದ್ದು ಯಾವುದೇ ಇರಲಿ, ತಿಂಗಳಿಗೆರಡು ಸಲ ಮನೆ ಬಿಟ್ಟು ಹೊರಟು ನಾಲ್ಕು ಜನರ ನಡುವೆ ಉಂಡು ಬರುವುದು ಮದ್ದೇ ಎಂದು ಮುಪ್ಪಿನ ವೈದ್ಯರೂ ಒಪ್ಪುತ್ತಾರೆ. ತಿ. ನರಸೀಪುರದ ಸಂಗಮ, ಸುತ್ತೂರಿನ ಜಾತ್ರೆ, ಮೂಗೂರು, ತಲಕಾಡು ಎಲ್ಲವೂ ಈ ಆಧಾರ್ ಕಾರ್ಡಿನ ಅಳತೆಯೊಳಗೆ ಬಂದಿವೆ.

ಗಂಡಸರಿಗೆ ಈ ಭಾಗ್ಯವಿಲ್ಲ. 60 ದಾಟಿದವರಿಗೆ ಕೆಎಸ್‌ಆರ್‌ಟಿಸಿ ಕೊಡುವುದು ಶೇ 25ರ ರಿಯಾಯಿತಿ. ಅಜ್ಜಿ ನಂಜನಗೂಡಿಗೆ ಹೋದ ದಿನ ತಾತ ದನ ನೋಡಿಕೊಂಡು, ತಣ್ಣಗಿನ ಮುದ್ದೆ ಉಂಡು ಕೂರುವ ದೃಶ್ಯ ತಮಾಷೆಯದೇ. ಆದರೆ ಅದರ ಒಳಗೆ ಒಂದು ಕಹಿ ಇದೆ: ಹೆಂಡತಿ ತೀರಿಕೊಂಡ ಮುದುಕರು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಒಂಟಿ. ಇನ್ನು ಬಸ್ಸಿನ ಮೊದಲ ಮೆಟ್ಟಿಲು. ಟಿಕೆಟ್ಟು ಮಾಫಿಯಾದರೂ ಮೆಟ್ಟಿಲು ಮೊಣಕಾಲಿನ ಎತ್ತರಕ್ಕೇ ಇದೆ. ಅಜ್ಜಿ ಎರಡು ಕೈಯಲ್ಲಿ ಕಂಬಿ ಹಿಡಿದು, ಬ್ಯಾಗನ್ನು ಮೊದಲು ಒಳಗೆ ಎಸೆದು, ಒಂದು ಮಂಡಿ ಊರಿ ಹತ್ತುವಷ್ಟರಲ್ಲಿ ಡ್ರೈವರ್ ಎರಡು ಸಲ ಆಕ್ಸಿಲರೇಟರ್ ಒತ್ತಿರುತ್ತಾನೆ.

ಇದೇ ಸಾಲಿಗೆ ಸೇರುವುದು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಅದಕ್ಕೆ ಚಾಲನೆ ಸಿಕ್ಕಿದ್ದು ಮೈಸೂರಿನಲ್ಲೇ. ತಿಂಗಳ 2000 ರೂಪಾಯಿ ಅತ್ತೆಗೋ ಸೊಸೆಗೋ ಎಂದು ಟೀವಿಯವರು ವಾರಗಟ್ಟಲೆ ಜಗಳ ಹಚ್ಚಿದರು. ಪಡಿತರ ಚೀಟಿಯಲ್ಲಿ ಯಜಮಾನಿ ಯಾರೋ ಅವರಿಗೆ ಎಂದು ತೀರ್ಮಾನವಾಯಿತು, ಹಾಗಾಗಿ ಅನೇಕ ಮನೆಗಳಲ್ಲಿ ಅದು ಅತ್ತೆಯ ಪಾಲಾಯಿತು. 2024ರಲ್ಲಿ ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಆ ದುಡ್ಡು ಕೂಡಿಟ್ಟು ಊರಿನವರಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅರ್ಥಶಾಸ್ತ್ರಜ್ಞರು ಅದಕ್ಕೆ ಏನು ಹೆಸರು ಕೊಡುತ್ತಾರೋ. ಊರಿಗೆ ಉಣ್ಣಿಸುವ ಅಧಿಕಾರ ಒಬ್ಬ ಮುದುಕಿಯ ಕೈಗೆ ಬಂದದ್ದು ಸಣ್ಣ ಘಟನೆಯಲ್ಲ.

ಕಾನೂನಿನ ಕಡೆ ತಿರುಗಿದರೆ ದಾರಿ ಇನ್ನೂ ಉದ್ದ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು, ಅರ್ಜಿಯನ್ನು 90 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ನ್ಯಾಯಮಂಡಳಿಯ ಪೀಠದಲ್ಲಿ ಕೂರುವವರು ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎ.ಸಿ. ಸಾಹೇಬರು. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕು ಸೇರುವುದು ಮೈಸೂರು ಉಪವಿಭಾಗಕ್ಕೆ. ಅಂದರೆ ಮಗನ ಮೇಲೆ ದೂರು ಕೊಡಬೇಕಾದ ಅಪ್ಪ ಊರಿನಿಂದ ತಾಲ್ಲೂಕಿಗೊಂದು, ಅಲ್ಲಿಂದ ಮೈಸೂರಿಗೊಂದು ಬಸ್ಸು ಹಿಡಿಯಬೇಕು, ಸಂಜೆ ಅದೇ ಮಗನ ಮನೆಗೆ ಮರಳಬೇಕು. ಈ ಮರಳುವ ಪ್ರಯಾಣದ ಭಯಕ್ಕೇ ಬಹಳ ಅರ್ಜಿಗಳು ಬರೆಯುವ ಮೊದಲೇ ನಿಂತುಹೋಗುತ್ತವೆ.

ಈ ಕಾಯ್ದೆಯ 23ನೇ ಕಲಮು ಹಳ್ಳಿಯವರಿಗೆ ಎಲ್ಲಕ್ಕಿಂತ ಹತ್ತಿರದ್ದು. ಜಮೀನು, ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಅವರು ಕೈಬಿಟ್ಟರೆ ಆ ಪತ್ರವನ್ನು ರದ್ದು ಮಾಡಿಸಲು ಅದು ಅವಕಾಶ ಕೊಡುತ್ತದೆ. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಗಷ್ಟೇ ಅದು ಅನ್ವಯ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಷರತ್ತು ಇದ್ದದ್ದು ರುಜುವಾತಾಗಬೇಕು ಎಂದಿತು. 2025ರ ಜನವರಿಯಲ್ಲಿ ಇನ್ನೊಂದು ಪೀಠ, ಇದು ಹಿರಿಯರ ಹಿತಕ್ಕೆ ಮಾಡಿದ ಕಾಯ್ದೆ, ಉದಾರವಾಗಿ ಅರ್ಥ ಮಾಡಬೇಕು ಎಂದು ಹೇಳಿತು. ನ್ಯಾಯಾಧೀಶರ ನಡುವಿನ ಈ ಸೂಕ್ಷ್ಮ ಏನೇ ಇರಲಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತ ಪತ್ರ ಬರಹಗಾರ ಒಂದು ಸಾಲು ಹೆಚ್ಚಿಗೆ ಬರೆದರೆ ಕೆಲಸ ಮುಗಿಯಿತು: ‘ದಾನ ಪಡೆದವರು ನಮ್ಮ ಜೀವಮಾನಪರ್ಯಂತ ಅನ್ನ, ವಸ್ತ್ರ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು.’ ಆ ಸಾಲು ಬರೆಸಲು ಅಪ್ಪನಿಗೆ ಸಂಕೋಚ, ‘ಮಗನ್ನೇ ನಂಬಲ್ವ?’ ಎಂದು ಅಮ್ಮನ ಮುನಿಸು. ಗ್ರಾಮಸಭೆಯಲ್ಲಿ ಕಾನೂನು ಅರಿವಿನ ಭಾಷಣ ಮಾಡುವವರು ಉಳಿದ ಮೂವತ್ತೊಂದು ಕಲಮುಗಳನ್ನು ಬಿಟ್ಟು ಇದೊಂದನ್ನೇ ಹೇಳಿ ಇಳಿದರೂ ಲಾಭ.

ದುಡ್ಡು, ಬಸ್ಸು, ಕಾನೂನಿನ ಆಚೆಗೆ ಮನಸ್ಸಿಗೂ ಆಸರೆ ಬೇಕು. ಮಾತಿಗೆ ಕೂರುವುದೂ ಒಂದು ಚಿಕಿತ್ಸೆ ಎಂಬುದನ್ನು ಜಗತ್ತಿಗೆ ತೋರಿಸಿದವರು ಜಿಂಬಾಬ್ವೆಯ ಅಜ್ಜಿಯರು. ಹರಾರೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಅಂಗಳದ ಮರದ ಬೆಂಚುಗಳ ಮೇಲೆ ಕೂರಿಸಿದರು. ಮನಸ್ಸು ಕೆಟ್ಟು ಬಂದವರು ಆ ಅಜ್ಜಿಯ ಪಕ್ಕ ಕೂತು ಮಾತಾಡುತ್ತಿದ್ದರು. ಇದರಿಂದ ಖಿನ್ನತೆ ಇಳಿಯುತ್ತದೆ ಎಂಬುದು 2016ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಅಂಕಿಸಂಖ್ಯೆ ಸಮೇತ ಬಂತು. ಅಲ್ಲಿನ ಜನ ಈ ಕಾಯಿಲೆಗೆ ಇಟ್ಟ ಹೆಸರು ‘ಅತಿಯಾಗಿ ಯೋಚಿಸುವುದು’. ನಮ್ಮಲ್ಲೂ ‘ಅದನ್ನೇ ಹಚ್ಕೊಂಡು ಕೂತವ್ಳೆ’ ಎನ್ನುತ್ತಾರೆ. ಬೆಂಚಿಗೆ ಬದಲು ಅರಳಿಕಟ್ಟೆ, ಜಗಲಿ. ಹೊಸ ಆರ್‌ಸಿಸಿ ಮನೆಗಳಲ್ಲಿ ಜಗಲಿಯ ಜಾಗವನ್ನು ಬೈಕು ನಿಲ್ಲಿಸಲು, ಕಬ್ಬಿಣದ ಗೇಟಿಗೆ ಕೊಟ್ಟಾಗಿದೆ. ಮುದುಕರು ಒಳಗೆ ಸರಿದು ಟೀವಿಯ ಮುಂದೆ ಕೂತರು. ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಬೆಳಗಿನ ಪೇಪರಿಗೆ ಬರುವ ನಾಲ್ಕೈದು ತಾತಂದಿರು ಅಲ್ಲಿನ ಕಾಯಂ ಓದುಗರು. ಅಲ್ಲಿಗೆ ಅಜ್ಜಿಯರು ಬರುವುದು ಇನ್ನೂ ಕಂಡಿಲ್ಲ.

ಹಾಸಿಗೆ ಹಿಡಿದವರ ವಿಚಾರದಲ್ಲಿ ಕಲಿಯಬೇಕಾದದ್ದು ನೆರೆಮನೆಯಿಂದ. ನಂಜನಗೂಡನ್ನೂ ತಿ. ನರಸೀಪುರವನ್ನೂ ಹಾದುಹೋಗುವ 766ನೇ ಹೆದ್ದಾರಿಯ ಇನ್ನೊಂದು ತುದಿ ಕಲ್ಲಿಕೋಟೆ. ಅಲ್ಲಿ 1993ರಲ್ಲಿ ಕೆಲವು ವೈದ್ಯರು ಸೇರಿ ಉಪಶಾಮಕ ಆರೈಕೆಯ ಸಂಘ ಕಟ್ಟಿದರು. ವಾಸಿಯಾಗದ ಕಾಯಿಲೆಯವರ ನೋವು ಇಳಿಸುವುದು, ಹುಣ್ಣು ತೊಳೆಯುವುದು, ಮನೆಯವರಿಗೆ ಧೈರ್ಯ ಹೇಳುವುದು ಅದರ ಕೆಲಸ. ಸ್ವಲ್ಪ ವರ್ಷಗಳಲ್ಲಿ ಆ ಕೆಲಸ ವೈದ್ಯರಿಂದ ಊರಿನವರ ಕೈಗೆ ಬಂತು: ಟೀಚರು, ಆಟೋದವರು, ಕಾಲೇಜು ಹುಡುಗರು ತರಬೇತಿ ಪಡೆದು ಮನೆಮನೆಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಅದನ್ನೇ ನೀತಿಯಾಗಿ ಒಪ್ಪಿತು. ಮೈಸೂರು ಜಿಲ್ಲೆಯಲ್ಲಿ ಸರಗೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇಂಥ ಆರೈಕೆ ನಡೆಸುತ್ತಿದೆ. ಲಾರಿಗಳು ಬಾಳೆಗೊನೆ, ತರಕಾರಿ ಹೊತ್ತು ದಿನವೂ ಕಲ್ಲಿಕೋಟೆಗೆ ಇಳಿಯುತ್ತವೆ. ಆ ಕಡೆಯಿಂದ ಈ ವಿದ್ಯೆ ಹತ್ತಿ ಬರಲು ಮಾತ್ರ ಯಾಕಿಷ್ಟು ತಡವೋ.

ಮರೆವಿನ ಕಾಯಿಲೆ ಪಟ್ಟಣದವರದ್ದು ಎಂಬ ಭ್ರಮೆಯೂ ಈಚೆಗೆ ಹೋಗಿದೆ. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ ಏಳು ಚಿಲ್ಲರೆ ಮಂದಿಗೆ ಡಿಮೆನ್ಷಿಯಾ ಇದೆ, ಹೆಂಗಸರಲ್ಲೂ ಹಳ್ಳಿಗಳಲ್ಲೂ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 2018ರಿಂದ ವರ್ಷವರ್ಷವೂ ಪರೀಕ್ಷಿಸುತ್ತ ಬಂದಿದೆ. ಹದಿನಾರಿನ ಪಾಳೆಯಗಾರನಂಥವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ‘ವಯಸ್ಸಾಯ್ತು, ಅರಳುಮರಳು’ ಎಂಬ ಎರಡು ಮಾತಿನಲ್ಲಿ ಅವರ ಕಡತ ಮುಚ್ಚಿಹೋಗುತ್ತದೆ.

ಸರಿಪಡಿಸಿದರೆ ಈ ಮರೆವನ್ನು ಹಿಂದಕ್ಕೆ ತಳ್ಳಬಹುದಾದ ಕಾರಣಗಳನ್ನು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಲೆಕ್ಕ ಹಾಕಿತು. 14 ಕಾರಣಗಳಲ್ಲಿ ದೊಡ್ಡ ಪಾಲು ಪಡೆದ ಒಂದು, ಕಿವಿ ಮಂದವಾಗುವುದು. ಕಿವಿ ಕೇಳದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರನ್ನು ಜನ ಬಿಡುತ್ತಾರೆ. ಈ ವಿಚಾರದಲ್ಲಿ ನಂಜನಗೂಡು ಸೀಮೆಯವರು ಪುಣ್ಯವಂತರು. 1960ರ ದಶಕದಿಂದ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ದೇಶಕ್ಕೆಲ್ಲ ಹೆಸರಾದದ್ದು. ಅದರ ಹೊರಸೇವಾ ಕೇಂದ್ರವೊಂದು ತಾಲ್ಲೂಕಿನ ಒಳಗೇ, ಹುಲ್ಲಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿದೆ. ಸದ್ದಿಲ್ಲದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ‘ಸದ್ದು ಕೇಳಿಸಿದ ತಕ್ಷಣ ಕೈ ಎತ್ತಿ’ ಎನ್ನುತ್ತಾರೆ. ಸದ್ದು ನಿಂತ ಮೇಲೂ ಎತ್ತಿದ ಕೈ ಇಳಿಸದವರು, ಮರ್ಯಾದೆಗೆಂದು ಕೇಳದಿದ್ದರೂ ಕೈ ಎತ್ತುವವರು ಎಲ್ಲರೂ ಇರುತ್ತಾರೆ. ಬಡಕುಟುಂಬದ ಹಿರಿಯರಿಗೆ ಶ್ರವಣ ಯಂತ್ರ, ಊರುಗೋಲು, ಕನ್ನಡಕ, ಹಲ್ಲುಸೆಟ್ಟು ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆಯೂ 2017ರಿಂದ ಇದೆ.

ಅಷ್ಟೆಲ್ಲ ದಾಟಿ ಮನೆಗೆ ಬಂದ ಶ್ರವಣ ಯಂತ್ರ ಎಷ್ಟೋ ಕಡೆ ತಿಂಗಳೊಳಗೆ ಟ್ರಂಕು ಸೇರುತ್ತದೆ. ಕಾರಣ ಕೇಳಿದರೆ ‘ಸೆಲ್ಲು ಓಯ್ತು’. ಶರ್ಟಿನ ಗುಂಡಿಯಷ್ಟಗಲದ ಸೆಲ್ಲು ಅದು; ಒಂದೆರಡು ವಾರ ಬರುತ್ತದೆ, ಆಮೇಲೆ ಬದಲಾಯಿಸಬೇಕು. ಹೊಸ ಸೆಲ್ಲಿನ ಬೆನ್ನಿಗೆ ಬಣ್ಣದ ಸಣ್ಣ ಅಂಟುಚೀಟಿ ಇರುತ್ತದೆ. ಅದನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಒಂದು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಯಂತ್ರದ ಪುಟ್ಟ ಬಾಗಿಲೊಳಗೆ ಕೂರಿಸಿ ಮುಚ್ಚಬೇಕು. ನಡುಗುವ ಬೆರಳಿಗೂ ಮಬ್ಬುಗಣ್ಣಿಗೂ ಆಗದ ಕೆಲಸ. ಏಳನೇ ಕ್ಲಾಸಿನ ಹುಡುಗಿಗೆ ಎರಡು ನಿಮಿಷದ್ದು. ಪಕ್ಕದ ಮನೆಯವಳಾದರೂ ಆದೀತು. ಹದಿನೈದು ದಿನಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ ಬಂದು, ಚೀಟಿ ಕಿತ್ತು ಕಾದು, ಸೆಲ್ಲು ಹಾಕಿ, ತಾತನ ಕಿವಿಯ ಹಿಂದಕ್ಕೆ ಸಿಕ್ಕಿಸಿ ‘ಕೇಳ್ತದಾ?’ ಎಂದು ಕೇಳಿ ಹೋಗಲಿಕ್ಕೆ.